ಕೊಡಗಿನಲ್ಲಿ ನಿಜವಾಗಿ ನಡೆದ ವಿಚಿತ್ರ ಘಟನೆಗಳು: ಕಟ್ಟುಕಥೆ ಬೇಡ, ನಡೆದದ್ದು ಹೇಳಿ

ಕೋಟೆಬೀದಿ

ಎಲ್ಲರಿಗೂ ನಮಸ್ಕಾರ. ಮೊನ್ನೆ ಭಾನುವಾರ ಅಕ್ಕನ ಮಗನನ್ನು ಮಡಿಕೇರಿ ಕೋಟೆಗೆ ಕರ್ಕೊಂಡು ಹೋಗಿದ್ದೆ. ಒಳಗೆ ಮೂಲೆಯಲ್ಲಿ ಎರಡು ಗಾರೆ ಆನೆಗಳಿವೆಯಲ್ಲ, ಹುಡುಗ ಅಲ್ಲಿಂದ ಕದಲಲೇ ಇಲ್ಲ. ಬೆಳಗ್ಗೆ ಮಳೆ ಬಂದು ನಿಂತಿತ್ತು. ಆನೆಯ ಕಿವಿ ಅಂಚಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಸೊಂಡಿಲ ಮಡಿಕೆಗಳಲ್ಲಿ ಹಸಿರು ಪಾಚಿ. "ಚಿಕ್ಕಮ್ಮ, ಇದನ್ನ ಯಾರು ಕಟ್ಟಿಸಿದ್ದು? ಯಾಕೆ?" ಅಂತ ಕೇಳಿದ. ನಾನು ಬಾಯಿ ಬಿಡುವ ಮೊದಲೇ ಪಕ್ಕದಲ್ಲಿದ್ದವರೊಬ್ಬರು ಒಂದು ಕಥೆ ಹೇಳಿದರು. ಗೇಟಿನ ಹೊರಗೆ ಕಡಲೆಕಾಯಿ ಮಾರುವವರು ಇನ್ನೊಂದು ಹೇಳಿದರು. ಎರಡಕ್ಕೂ ತಾಳಮೇಳ ಇರಲಿಲ್ಲ.

ಮನೆಗೆ ಬಂದ ಮೇಲೂ ಅದೇ ತಲೆಯಲ್ಲಿ ಕೊರೆಯುತ್ತಿದೆ. ನಮ್ಮ ಜಿಲ್ಲೆಯಲ್ಲಿ ನಂಬಲಿಕ್ಕೇ ಆಗದಂಥ ಘಟನೆಗಳು ನಡೆದಿವೆ ಅಂತ ಗೊತ್ತು. ಆದರೆ ಯಾವುದು ನಡೆದದ್ದು, ಯಾವುದು ಆಮೇಲೆ ಸೇರಿಸಿದ್ದು ಅಂತ ಬಿಡಿಸಿ ಹೇಳುವವರು ಕಡಿಮೆ. ಬಲ್ಲವರು ಇಲ್ಲಿ ಬರೀತೀರಾ? ಹುಡುಗನಿಗೆ ಸುಳ್ಳು ಹೇಳಬಾರದು ಅನ್ನೋದಷ್ಟೇ ನನ್ನ ಆಸೆ.

ಪೊನ್ನಂಪೇಟೆ ಮೇಷ್ಟ್ರು

ಒಳ್ಳೆಯ ಕೆಲಸ ಶುರುಮಾಡಿದಿರಿ ತಾಯಿ. ಮೂವತ್ತು ವರ್ಷ ಶಾಲೆಯಲ್ಲಿ ಚರಿತ್ರೆ ಪಾಠ ಮಾಡಿದವನು ನಾನು. ಮೊದಲು ಆನೆ ವಿಷಯ. ಅವನ್ನು ಕಟ್ಟಿಸಿದವನು ಕೊಡಗನ್ನು ಆಳಿದ ದೊಡ್ಡವೀರರಾಜೇಂದ್ರ. ಹುಡುಗನಿಗೆ ಅಷ್ಟು ಹೇಳಿ, ಸಾಕು. ಉಳಿದದ್ದೆಲ್ಲ ಊರವರು ಹಚ್ಚಿದ ಒಗ್ಗರಣೆ.

ಆದರೆ ಆ ರಾಜನ ಬದುಕಿಗೆ ಒಗ್ಗರಣೆ ಬೇಕಾಗೇ ಇಲ್ಲ. 1780ರಲ್ಲಿ ಅಪ್ಪ ಲಿಂಗರಾಜ ತೀರಿಕೊಂಡಾಗ ಮಕ್ಕಳಿನ್ನೂ ಚಿಕ್ಕವರು. ಹೈದರ್ ಅಲಿ ಕೊಡಗನ್ನು ತನ್ನ ಕೈಗೆ ತೆಗೆದುಕೊಂಡು ಮಕ್ಕಳನ್ನು ಗೊರೂರಿನಲ್ಲಿ ಇಟ್ಟ. ಟಿಪ್ಪುವಿನ ಕಾಲಕ್ಕೆ ಅವರನ್ನು ಪಿರಿಯಾಪಟ್ಟಣದ ಕೋಟೆಗೆ ಸಾಗಿಸಿದರು. ಮಡಿಕೇರಿಗೆ ಜಾಫರಾಬಾದ್ ಅಂತ ಹೆಸರು ಬಿತ್ತು. 1788ರ ಡಿಸೆಂಬರಿನಲ್ಲಿ ವೀರರಾಜ ತನ್ನವರ ಜೊತೆ ಆ ಕೋಟೆಯಿಂದ ತಪ್ಪಿಸಿಕೊಂಡು ಕೊಡಗಿನ ಕಾಡು ಸೇರಿದ. ಎರಡು ವರ್ಷದೊಳಗೆ ಮಡಿಕೇರಿ ಕೋಟೆಯೊಂದು ಬಿಟ್ಟು ಹೆಚ್ಚುಕಡಿಮೆ ಇಡೀ ನಾಡು ಅವನ ಕೈಗೆ ಬಂತು. 1790ರಲ್ಲಿ ಇಂಗ್ಲಿಷರ ಕಂಪನಿಯ ಜೊತೆ ಒಪ್ಪಂದವೂ ಆಯಿತು.

ನಾನು ಹೇಳಬೇಕೆಂದಿದ್ದದ್ದು ಇದರ ನಂತರ ನಡೆದದ್ದು. ಮಡಿಕೇರಿ ಕೋಟೆಯಲ್ಲಿ ಟಿಪ್ಪುವಿನ ಪಾಳೆಯ ಸಿಕ್ಕಿಬಿದ್ದಿದೆ, ಒಳಗೆ ಅನ್ನಕ್ಕೆ ತತ್ವಾರ. ಶ್ರೀರಂಗಪಟ್ಟಣದಿಂದ ದವಸಧಾನ್ಯ ಹೊತ್ತ ಒಂದು ದಂಡು ಹೊರಟಿತು. ದಾರಿಯಲ್ಲಿ ವೀರರಾಜನ ಜನ ಅದನ್ನು ಸುತ್ತಲಿಂದ ಅಡ್ಡಗಟ್ಟಿದರು. ಒಂದು ಮಾತು ಹೇಳಿದ್ದರೆ ಒಬ್ಬನೂ ಉಳಿಯುತ್ತಿರಲಿಲ್ಲ. ಆಗ ರಾಜನಿಗೆ ಗೊತ್ತಾಯಿತು, ದಂಡಿನ ನಾಯಕ ಖಾದಿರ್ ಖಾನ್ ಅಂತ. ಪಿರಿಯಾಪಟ್ಟಣದ ಸೆರೆಯಲ್ಲಿದ್ದಾಗ ರಾಜನ ತಂಗಿಯ ಮಾನ ಕಾಪಾಡಿದ್ದ ಮನುಷ್ಯ ಅವನು.

ರಾಜ ಅವನನ್ನು ಬಿಟ್ಟ. ಅವನ ಜನರನ್ನೂ ಬಿಟ್ಟ. ಖಾದಿರ್ ಖಾನ್ ಹೇಳಿದ: ದವಸ ಕೋಟೆಗೆ ಮುಟ್ಟಿಸದೆ ಬರಿಗೈಯಲ್ಲಿ ಹಿಂದಿರುಗಿದರೆ ನನಗೂ ನನ್ನ ಮನೆಯವರಿಗೂ ಉಳಿಗಾಲವಿಲ್ಲ. ರಾಜ ಅದಕ್ಕೂ ಒಪ್ಪಿದ. ತಾನು ಹಸಿವೆಯಿಂದ ಮಣಿಸಬೇಕೆಂದಿದ್ದ ಶತ್ರುವಿನ ಕೋಟೆಗೆ ತಾನೇ ದಾರಿ ಬಿಟ್ಟು ಅಕ್ಕಿ ಹೋಗಲು ಬಿಟ್ಟ! ಆ ದವಸವಾದರೂ ಎಷ್ಟು ದಿನಕ್ಕೆ ಬಂದೀತು. ಕಡೆಗೆ ಕೋಟೆ ಒಪ್ಪಿಸಿದರು. ಆಗಲೂ ರಾಜ ಒಳಗಿದ್ದವರನ್ನು ಜೀವಸಹಿತ ಕಳಿಸಿಕೊಟ್ಟ. ಕಣ್ಣೂರಿನ ಕಡೆಯಿಂದ ಬರುತ್ತಿದ್ದ ಇಂಗ್ಲಿಷರ ಜನರಲ್ ಅಬರ್‌ಕ್ರೋಂಬಿಗೆ ಮೊದಲು ಅನುಮಾನವೇ ಬಂದಿತ್ತು, ಇವನು ಯಾರ ಕಡೆಯವನು ಅಂತ. ವಿಷಯ ತಿಳಿದ ಮೇಲೆ ಸುಮ್ಮನಾದ. ಅದೇ ಅಬರ್‌ಕ್ರೋಂಬಿಯ ಭೇಟಿಯ ನೆನಪಿಗೆ 1792ರಲ್ಲಿ ರಾಜ ಕಟ್ಟಿಸಿದ ಪೇಟೆಯೇ ನಮ್ಮ ವಿರಾಜಪೇಟೆ.

ತರಗತಿಯಲ್ಲಿ ಇದನ್ನು ಹೇಳುವಾಗ ಪ್ರತಿ ವರ್ಷ ಒಬ್ಬನಾದರೂ ಎದ್ದು ನಿಂತು "ಸಾರ್, ರಾಜ ತಪ್ಪು ಮಾಡಿದ" ಅನ್ನುತ್ತಿದ್ದ. ಇನ್ನೊಬ್ಬ ಎದ್ದು "ಇಲ್ಲ" ಅನ್ನುತ್ತಿದ್ದ. ಆ ದಿನ ಬೇರೆ ಪಾಠ ನಡೆಯುತ್ತಿರಲಿಲ್ಲ.

ಬೆಂಗಳೂರಲ್ಲಿರೋ ಹುಡುಗ

ಮೇಷ್ಟ್ರೇ, ಓದಿ ಮೈ ಜುಂ ಅಂತು. ಹುಟ್ಟಿದ್ದು ವಿರಾಜಪೇಟೆಯಲ್ಲಿ, ಊರಿನ ಹೆಸರು ಹೇಗೆ ಬಂತು ಅಂತ ಇಂದೇ ಗೊತ್ತಾದದ್ದು.

ಕುಶಾಲನಗರಕ್ಕೂ ಹೀಗೇ ಒಂದು ಕಥೆ ಇದೆ ಅಲ್ವಾ? ಹೈದರ್ ಅಲ್ಲಿ ಬೀಡು ಬಿಟ್ಟಿದ್ದಾಗ ಟಿಪ್ಪು ಹುಟ್ಟಿದ ಸುದ್ದಿ ಬಂದು, ಖುಷಿಯಿಂದ ಆ ಹೆಸರು ಇಟ್ಟ ಅಂತ.

ಪೊನ್ನಂಪೇಟೆ ಮೇಷ್ಟ್ರು

ಅದು ತಾಳೆಯಾಗಲ್ಲ ಮಗ. ಟಿಪ್ಪು ಹುಟ್ಟಿದ್ದು 1750ರ ಆಸುಪಾಸು, ದೇವನಹಳ್ಳಿಯಲ್ಲಿ. ಹೈದರ್ ಕೊಡಗಿನ ಮೇಲೆ ದಂಡು ಕಳಿಸಿದ್ದು 1760ರ ದಶಕದಲ್ಲಿ. ಲೆಕ್ಕವೇ ಸರಿಹೋಗದು. ಇಂಗ್ಲಿಷರ ಕಾಲದಲ್ಲಿ ಆ ಊರು ಫ್ರೇಸರ್‌ಪೇಟೆ. 1834ರಲ್ಲಿ ಮಡಿಕೇರಿಗೆ ಬಂದ ಕರ್ನಲ್ ಫ್ರೇಸರ್ ಹೆಸರು ಅದು. ಹಳಬರ ಬಾಯಲ್ಲಿ ಈಗಲೂ ಉಳಿದಿದೆ.

ಯವಕಪಾಡಿ ತೋಟದವರು

ದೊಡ್ಡವೀರರಾಜನ ಬಗ್ಗೆ ಬರೆದದ್ದು ಸರಿ. ಆದರೆ ಅರ್ಧಕ್ಕೆ ನಿಲ್ಲಿಸಬೇಡಿ ಸರ್. ನಮ್ಮ ತೋಟದ ಮೇಲುಗಡೆಯೇ ನಾಲ್ಕುನಾಡು ಅರಮನೆ. ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ 1792ರಿಂದ 94ರ ಹೊತ್ತಿಗೆ ಅವನೇ ಕಟ್ಟಿಸಿದ್ದು. 1796ರಲ್ಲಿ ಮಹದೇವಮ್ಮಾಜಿಯನ್ನು ಮದುವೆಯಾದದ್ದೂ ಅಲ್ಲೇ. ಎದುರಿಗೆ ಆ ಪುಟ್ಟ ಮಂಟಪ ಇನ್ನೂ ಇದೆ. ನಾನು ಚಿಕ್ಕವನಿದ್ದಾಗ ಮಳೆ ಬಂದರೆ ದನ ಮೇಯಿಸುವವರೆಲ್ಲ ಅದರಡಿ ನಿಲ್ಲುತ್ತಿದ್ದೆವು.

1807ರಲ್ಲಿ ಮಹದೇವಮ್ಮಾಜಿ ತೀರಿಕೊಂಡಳು. ಗಂಡುಮಕ್ಕಳಿಲ್ಲ. ಅಲ್ಲಿಂದ ರಾಜನ ಮನಸ್ಸು ಹದ ತಪ್ಪಿತು. ಸಂಶಯ ಬಂದವರನ್ನೆಲ್ಲ ಕೊಲ್ಲಿಸಿದ. ಶತ್ರುವಿಗೆ ಅಕ್ಕಿ ಬಿಟ್ಟುಕೊಟ್ಟ ಕೈಯೇ ಇದು. 1809ರಲ್ಲಿ ಅವನೂ ಹೋದ. ಮಗಳು ದೇವಮ್ಮಾಜಿಯೇ ಪಟ್ಟಕ್ಕೆ ಬರಬೇಕು ಅಂತ ಅವನ ಹಟ, ಕಂಪನಿಗೂ ಬರೆದಿದ್ದ. ಬಂದಳು ಕೂಡ, ಏನೂ ಅರಿಯದ ಹುಡುಗಿ. 1811ರಲ್ಲಿ ಚಿಕ್ಕಪ್ಪ ಲಿಂಗರಾಜ ಅವಳನ್ನು ಇಳಿಸಿ ತಾನೇ ಕೂತ. ಲಿಂಗರಾಜ 1820ರಲ್ಲಿ ಹೋದ ಮೇಲೆ ಅವನ ಮಗ ಚಿಕ್ಕವೀರರಾಜೇಂದ್ರ. ಅವನ ಕಾಲದಲ್ಲಿ ದೇವಮ್ಮಾಜಿಯ ಜೀವವನ್ನೂ ತೆಗೆದರು.

ಮಡಿಕೇರಿಯಲ್ಲಿ ರಾಜರ ಸಮಾಧಿ ಇರುವ ಗದ್ದಿಗೆಗೆ ಹೋದಾಗಲೆಲ್ಲ ನನಗೆ ಇದೇ ನೆನಪು. ಗಂಡಹೆಂಡತಿ ಒಂದೇ ಗುಮ್ಮಟದ ಕೆಳಗೆ ತಣ್ಣಗೆ ಮಲಗಿದ್ದಾರೆ. ಅವರು ಅಷ್ಟು ಆಸೆಪಟ್ಟ ಮಗಳಿಗೆ ಏನೂ ಇಲ್ಲ.

ಶನಿವಾರಸಂತೆ ಅಕ್ಕ

ದೇವಮ್ಮಾಜಿ ಅಂದ್ರೆ ಚೆನ್ನಬಸಪ್ಪನ ಹೆಂಡತಿ ಅಲ್ವಾ? ಅವಳು ತಪ್ಪಿಸಿಕೊಂಡು ಮೈಸೂರಿಗೆ ಹೋದಳಲ್ಲ?

ಯವಕಪಾಡಿ ತೋಟದವರು

ಅಕ್ಕ, ಅವಳು ಬೇರೆ. ಹೆಸರು ಒಂದೇ. ಚೆನ್ನಬಸಪ್ಪನ ಹೆಂಡತಿ ಚಿಕ್ಕವೀರರಾಜನ ಸ್ವಂತ ತಂಗಿ. 1832ರಲ್ಲಿ ಗಂಡಹೆಂಡತಿ ಜೀವಭಯದಿಂದ ಓಡಿ ಮೈಸೂರಿನ ಇಂಗ್ಲಿಷ್ ರೆಸಿಡೆಂಟನ ಮರೆಹೊಕ್ಕರು. ಒಪ್ಪಿಸಿ ಅಂತ ಇವನು, ಒಪ್ಪಿಸುವುದಿಲ್ಲ ಅಂತ ಅವರು. 1834ರ ಯುದ್ಧಕ್ಕೆ ಅದೂ ಒಂದು ಕಾರಣ. ಮಾಸ್ತಿಯವರ 'ಚಿಕವೀರ ರಾಜೇಂದ್ರ' ಕಾದಂಬರಿ ಓದಿದವರಿಗೆ ಈ ಭಾಗ ಚೆನ್ನಾಗಿ ಗೊತ್ತು, ಆದರೆ ಕಾದಂಬರಿಯನ್ನೇ ಚರಿತ್ರೆ ಅಂದುಕೊಂಡು ಮಾತಾಡುವವರೂ ಇದ್ದಾರೆ. ಇಲ್ಲಿ ಅದನ್ನು ದೂರ ಇಡೋಣ.

ಶನಿವಾರಸಂತೆ ಅಕ್ಕ

ಸರಿ, ಈಗ ತಿಳೀತು. ಹಾಗಾದ್ರೆ ಚಿಕ್ಕವೀರರಾಜನ ಮಗಳ ವಿಷಯ ನಾನು ಬರೀತೀನಿ. ಈ ವಿಷಯ ನನಗೆ ತುಂಬ ಹತ್ತಿರದ್ದು. ಹಲವು ವರ್ಷಗಳಿಂದ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ.

1834ರ ಏಪ್ರಿಲ್‌ನಲ್ಲಿ ಇಂಗ್ಲಿಷರ ದಂಡು ನಾಲ್ಕೂ ಕಡೆಯಿಂದ ಬಂತು. ನಮ್ಮ ಉತ್ತರ ಕೊಡಗಿನಲ್ಲಿ ಅವರಿಗೆ ಒಳ್ಳೆ ಪೆಟ್ಟೇ ಬಿತ್ತು, ಕರ್ನಲ್ ಮಿಲ್ ಅನ್ನುವವನು ಸತ್ತ. ಆದರೆ ರಾಜ ಆಗಲೇ ಸೋತು ನಾಲ್ಕುನಾಡು ಅರಮನೆಯಲ್ಲಿ ಕೂತಿದ್ದ. ಏಪ್ರಿಲ್ 6ಕ್ಕೆ ಫ್ರೇಸರ್ ಮಡಿಕೇರಿಗೆ ಬಂದ. ಕೆಲವೇ ದಿನಕ್ಕೆ ರಾಜ ಶರಣಾದ. ಏಪ್ರಿಲ್ 24ಕ್ಕೆ ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಮಡಿಕೇರಿ ಬಿಟ್ಟವನು ಮತ್ತೆ ಈ ಮಣ್ಣು ನೋಡಲಿಲ್ಲ. ಮೊದಲು ವೇಲೂರು, ಆಮೇಲೆ ಕಾಶಿ.

ಗೌರಮ್ಮ ಹುಟ್ಟಿದ್ದು ಕಾಶಿಯಲ್ಲಿ, 1841ರಲ್ಲಿ. ಕೊಡಗನ್ನು ಕಣ್ಣಿಂದ ನೋಡದ ಕೊಡಗಿನ ರಾಜಕುಮಾರಿ ಅವಳು. 1852ರಲ್ಲಿ ಅಪ್ಪ ಅವಳನ್ನು ಕರೆದುಕೊಂಡು ಹಡಗು ಹತ್ತಿ ಇಂಗ್ಲೆಂಡಿಗೆ ಹೋದ. ಹುಡುಗಿಗೆ ಆಗ ಹನ್ನೊಂದು ವರ್ಷ. ಸಮುದ್ರ ದಾಟಿದರೆ ಜಾತಿ ಕೆಡುತ್ತದೆ ಅನ್ನುತ್ತಿದ್ದ ಕಾಲ. ಅದೇ ವರ್ಷ ಅರಮನೆಯಲ್ಲಿ ಅವಳಿಗೆ ದೀಕ್ಷಾಸ್ನಾನ ಆಯಿತು. ಮಾಡಿಸಿದವರು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್, ಧರ್ಮಮಾತೆಯಾಗಿ ನಿಂತವಳು ವಿಕ್ಟೋರಿಯಾ ರಾಣಿ. ರಾಣಿ ತನ್ನ ಹೆಸರನ್ನೇ ಕೊಟ್ಟಳು, ವಿಕ್ಟೋರಿಯಾ ಗೌರಮ್ಮ ಅಂತ. ವಿಂಟರ್‌ಹಾಲ್ಟರ್ ಅಂತ ಆ ಕಾಲದಲ್ಲಿ ರಾಜಮನೆತನಗಳ ಚಿತ್ರ ಬರೆಯುತ್ತಿದ್ದ ದೊಡ್ಡ ಕಲಾವಿದ ಅವಳ ಚಿತ್ರ ಬರೆದಿದ್ದಾನೆ. ಮೈತುಂಬ ಒಡವೆ. ಆ ಮುಖ ನೋಡಿದರೆ ನಮ್ಮ ಕಡೆ ಮದುವೆಮನೆಯಲ್ಲಿ ಒಡವೆ ಹಾಕಿಸಿ ಕುರ್ಚಿಯಲ್ಲಿ ಕೂರಿಸಿದ ಚಿಕ್ಕ ಹುಡುಗಿಯ ಹಾಗೇ. ಏಳಬೇಕು ಅನ್ನಿಸುತ್ತಿದೆ, ಯಾರೂ ಏಳು ಅನ್ನುತ್ತಿಲ್ಲ.

ಅವಳನ್ನು ಇಂಗ್ಲಿಷ್ ಮನೆಗಳಲ್ಲಿ ಇಟ್ಟು ಬೆಳೆಸಿದರು. ಅಪ್ಪನನ್ನು ಹತ್ತಿರ ಬಿಡಲಿಲ್ಲ. ಪಂಜಾಬಿನ ದುಲೀಪ್ ಸಿಂಗ್ ಕೂಡ ಆಗ ಅಲ್ಲಿಗೆ ಬಂದಿದ್ದ, ರಾಜ್ಯ ಕಳೆದುಕೊಂಡ ಇನ್ನೊಬ್ಬ ಹುಡುಗ, ಅವನೂ ಕ್ರೈಸ್ತನಾಗಿದ್ದ. ಇಬ್ಬರಿಗೂ ಮದುವೆ ಮಾಡಿಸಬೇಕು ಅಂತ ರಾಣಿಯ ಮನಸ್ಸಿನಲ್ಲಿತ್ತು. ದುಲೀಪ್ ಸಿಂಗ್ ಒಪ್ಪಲಿಲ್ಲ. 1860ರಲ್ಲಿ ಗೌರಮ್ಮ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನನ್ನು ಮದುವೆಯಾದಳು. ವಯಸ್ಸಿನಲ್ಲಿ ಅವಳಿಗಿಂತ ಬಹಳ ದೊಡ್ಡವನು. ಮರುವರ್ಷ ಎಡಿತ್ ಅಂತ ಮಗಳು ಹುಟ್ಟಿದಳು. 1864ರಲ್ಲಿ ಕ್ಷಯದಿಂದ ಗೌರಮ್ಮ ತೀರಿಕೊಂಡಳು. ಇಪ್ಪತ್ತಮೂರು ತುಂಬಿರಲಿಲ್ಲ.

ಇಷ್ಟಕ್ಕೆ ಮುಗಿಯಲಿಲ್ಲ. ಮೂರು ವರ್ಷ ಕಳೆದು 1867ರಲ್ಲಿ ಕ್ಯಾಂಪ್‌ಬೆಲ್ ಒಂದು ದಿನ ಚಿಕ್ಕ ಚೀಲ ಹಿಡಿದು ಮನೆಯಿಂದ ಹೊರಟ. ಗೌರಮ್ಮನ ಒಡವೆ ಅದರಲ್ಲಿತ್ತು ಅಂತ ಹೇಳುತ್ತಾರೆ. ಹೋದವನು ಹೋದ. ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ.

ಅವಳ ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ. ಕಲ್ಲಿನ ಮೇಲೆ ಬೈಬಲ್ಲಿನ ಒಂದು ಸಾಲು ಕೆತ್ತಿಸಿದ್ದಾರೆ, ಈ ಹಟ್ಟಿಗೆ ಸೇರದ ಬೇರೆ ಕುರಿಗಳೂ ನನಗಿವೆ ಅನ್ನುವ ಅರ್ಥದ್ದು. ಆ ಸಾಲನ್ನು ಮೊದಲ ಸಲ ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಮಗುವನ್ನು ಮನೆಗೆ ಕರೆದು, ಹೆಸರು ಬದಲಿಸಿ, ದೇವರು ಬದಲಿಸಿ, ಸತ್ತ ಮೇಲೂ "ನೀನು ಈ ಹಟ್ಟಿಯವಳಲ್ಲ" ಅಂತ ಕಲ್ಲಲ್ಲಿ ಬರೆಸುವುದೇ? ಪ್ರೀತಿಯಿಂದಲೇ ಬರೆಸಿರಬಹುದು. ನನಗೆ ಮಾತ್ರ ಇವತ್ತಿಗೂ ಅದನ್ನು ಹಾಗೆ ಓದಲಿಕ್ಕೆ ಆಗುವುದಿಲ್ಲ.

ಕೋಟೆಬೀದಿ

ಅಕ್ಕ, ಅಡುಗೆಮನೆಯಲ್ಲಿ ನಿಂತು ಓದುತ್ತಿದ್ದೆ, ಒಲೆ ಮೇಲಿನ ಹಾಲು ಉಕ್ಕಿ ಹೋಯ್ತು. ನಮ್ಮ ಅಜ್ಜಿಗೆ ಪೂರ್ತಿ ಓದಿ ಹೇಳಿದೆ. "ಹೆತ್ತವಳು ಎಲ್ಲಿದ್ದಳು?" ಅಂತ ಒಂದೇ ಮಾತು ಕೇಳಿದರು.

ಶನಿವಾರಸಂತೆ ಅಕ್ಕ

ಗೌರಮ್ಮನ ತಾಯಿ ಅವಳು ಹುಟ್ಟಿದ ಸ್ವಲ್ಪ ದಿನಕ್ಕೇ ತೀರಿಕೊಂಡಿದ್ದಳು ಅಂತ ಓದಿದ್ದೇನೆ. ಅಜ್ಜಿಗೆ ನನ್ನ ನಮಸ್ಕಾರ ಹೇಳಿ.

ಬೆಂಗಳೂರಲ್ಲಿರೋ ಹುಡುಗ

ಒಂದು ಪ್ರಶ್ನೆ. ರಾಜ ಇಂಗ್ಲೆಂಡಿಗೆ ಹೋದದ್ದು ಮಗಳ ಓದಿಗೋಸ್ಕರ ಮಾತ್ರನಾ?

ಯವಕಪಾಡಿ ತೋಟದವರು

ಅಲ್ಲ. ದುಡ್ಡಿಗೋಸ್ಕರ. ವಿಚಿತ್ರ ಅಂದರೆ ಇದು.

ದೊಡ್ಡವೀರರಾಜ ಬದುಕಿದ್ದಾಗ ಮಗಳು ದೇವಮ್ಮಾಜಿಗೆ ಮುಂದೆ ಆಧಾರವಾಗಲಿ ಅಂತ ಕಂಪನಿಯ ಸಾಲಪತ್ರಗಳಲ್ಲಿ ದೊಡ್ಡ ಮೊತ್ತ ಇಟ್ಟಿದ್ದ. ಪಟ್ಟ ಕಿತ್ತುಕೊಂಡ ಮೇಲೆ ಅದರ ಬಡ್ಡಿ ಲಿಂಗರಾಜನಿಗೆ, ಆಮೇಲೆ ಚಿಕ್ಕವೀರರಾಜನಿಗೆ ಹೋಯಿತು. 1834ರಲ್ಲಿ ಕಂಪನಿ ರಾಜ್ಯದ ಜೊತೆಗೆ ಆ ಹಣವನ್ನೂ ನುಂಗಿತು. ಅದನ್ನು ವಾಪಸು ಕೊಡಿ ಅಂತ ಚಿಕ್ಕವೀರರಾಜ ಲಂಡನ್ನಿನ ಚಾನ್ಸರಿ ಕೋರ್ಟಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮೇಲೇ ದಾವೆ ಹೂಡಿದ! ಯಾರ ಹೆಸರಿಗೆ ಹಣ ಇಟ್ಟಿದ್ದೋ ಆ ಹೆಣ್ಣುಮಗಳು ಇವನ ಆಳ್ವಿಕೆಯಲ್ಲೇ ಸತ್ತವಳು. ಆ ಹಣಕ್ಕೆ ಇವನು ಹಕ್ಕುದಾರ.

1859ರಲ್ಲಿ ಅವನು ಲಂಡನ್ನಿನಲ್ಲೇ ತೀರಿಕೊಂಡ. ಕೋರ್ಟು ಕಡೆಗೆ ಹೇಳಿದ್ದು ಏನಪ್ಪಾ ಅಂದರೆ, ಯುದ್ಧದಲ್ಲಿ ರಾಜನಿಂದ ವಶಪಡಿಸಿಕೊಂಡದ್ದು ರಾಜ್ಯಕಾರ್ಯ, ಅದರ ನ್ಯಾಯ ತೀರ್ಮಾನ ನಮ್ಮ ಕೈಯಲ್ಲಿಲ್ಲ. ಕಾನೂನು ಓದುವವರು ಈಗಲೂ ಆ ಮೊಕದ್ದಮೆ ಓದುತ್ತಾರೆ. ನನ್ನ ಮಗಳು ಕಾನೂನು ಓದುವಾಗ ಪುಸ್ತಕದಲ್ಲಿ 'ಕೂರ್ಗ್' ಅನ್ನುವ ಹೆಸರು ನೋಡಿ ಹಾಸ್ಟೆಲಿನಿಂದ ಫೋನ್ ಮಾಡಿದ್ದಳು, "ಅಪ್ಪ, ಇದು ನಮ್ಮ ರಾಜನಾ?" ಅಂತ.

ಸುಳ್ಯದ ಕಡೆಯವ

ರಾಜರ ಕಥೆ ಆಯ್ತು. ರೈತರ ಕಥೆ ಯಾರು ಹೇಳುತ್ತೀರಿ? ನಾನು ಗುಡ್ಡದ ಈಚೆಯವನು, ಮನೆಯಲ್ಲಿ ಅರೆಭಾಷೆ ಮಾತಾಡುವವರು ನಾವು.

ಅಮರಸುಳ್ಯ, ಪುತ್ತೂರು ಸೀಮೆ ಕೊಡಗಿನ ರಾಜನ ಕೈಯಲ್ಲೇ ಇತ್ತು. 1834ರಲ್ಲಿ ಕೊಡಗು ಹೋದ ಮೇಲೆ ಇಂಗ್ಲಿಷರು ಅದನ್ನು ಕತ್ತರಿಸಿ ಕೆನರಾಕ್ಕೆ ಸೇರಿಸಿದರು. ರಾಜನ ಕಾಲದಲ್ಲಿ ಕಂದಾಯ ಭತ್ತದಲ್ಲಿ ಅಳೆದುಕೊಟ್ಟರೆ ಆಗುತ್ತಿತ್ತು. ಈಗ ನಗದು ತಾ ಅಂದರು. ಕೈಯಲ್ಲಿ ಕಾಸಿಲ್ಲದ ಜನ ದುಡ್ಡಿಗಾಗಿ ಬೆಳೆಯನ್ನು ಸಿಕ್ಕ ಬೆಲೆಗೆ ಮಾರಬೇಕಾಯಿತು. ಅದರ ಮೇಲೆ ಉಪ್ಪಿಗೂ ಹೊಗೆಸೊಪ್ಪಿಗೂ ಸರ್ಕಾರದ ಹಿಡಿತ.

ಆಗ ಜಂಗಮರ ವೇಷದಲ್ಲಿ ಒಬ್ಬರ ಹಿಂದೆ ಒಬ್ಬರು ಬಂದರು, ನಾವು ಕೊಡಗಿನ ರಾಜರ ಹಾಲೇರಿ ವಂಶದವರು ಅಂತ. ಮೊದಲು ಅಪರಾಂಪರ ಸ್ವಾಮಿ, ಸೆರೆಯಾದ. ಆಮೇಲೆ ಕಲ್ಯಾಣಸ್ವಾಮಿ, ಅವನೂ ಸೆರೆಯಾದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಪುಟ್ಟಬಸಪ್ಪ ಅನ್ನುವ ಒಬ್ಬ ರೈತ ಎದ್ದು ನಾನೇ ಕಲ್ಯಾಣಸ್ವಾಮಿ ಅಂದ. ನಿಜವಾದ ಕಲ್ಯಾಣಸ್ವಾಮಿ ಜೈಲಿನಲ್ಲಿದ್ದಾನೆ, ಇಲ್ಲಿ ಅವನ ಹೆಸರಿನಲ್ಲಿ ಇನ್ನೊಬ್ಬ ಸಾವಿರಾರು ಜನರನ್ನು ಕಟ್ಟಿಕೊಂಡು ನಡೆಯುತ್ತಿದ್ದಾನೆ! ಜನ ನಂಬಿದರೋ, ಗೊತ್ತಿದ್ದೂ ಜೊತೆಗೆ ಹೋದರೋ. ನನ್ನ ಮಟ್ಟಿಗೆ ಎರಡನೆಯದೇ ಸರಿ. ಅವರಿಗೆ ಬೇಕಾಗಿದ್ದದ್ದು ಮುಂದೆ ನಿಲ್ಲಲು ಒಂದು ಹೆಸರು.

1837ರ ಮಾರ್ಚ್ ಕೊನೆಗೆ ಸುಳ್ಯದ ಪೂಮಲೆಯಿಂದ ಹೊರಟರು. ಬೆಳ್ಳಾರೆಯ ಖಜಾನೆ ಹಿಡಿದರು. ಪುತ್ತೂರು, ಬಂಟ್ವಾಳ ದಾಟಿ ಏಪ್ರಿಲ್ 5ಕ್ಕೆ ಮಂಗಳೂರು. ಗುಡ್ಡದ ಮೇಲೆ ಬಾವುಟ ಏರಿಸಿದರು, ಆ ಜಾಗಕ್ಕೆ ಬಾವುಟಗುಡ್ಡೆ ಅಂತಲೇ ಹೆಸರು. ಸುಮಾರು ಎರಡು ವಾರ ಮಂಗಳೂರು ರೈತರ ಕೈಯಲ್ಲಿತ್ತು. 1857ಕ್ಕೆ ಇಪ್ಪತ್ತು ವರ್ಷ ಮೊದಲು! ಆಮೇಲೆ ಕಣ್ಣೂರು, ತಲಶ್ಶೇರಿ ಕಡೆಯಿಂದ ದಂಡು ಬಂತು, ಎಲ್ಲ ಚೆದುರಿಹೋಯಿತು. ಪುಟ್ಟಬಸಪ್ಪನನ್ನೂ ಲಕ್ಷ್ಮಪ್ಪ ಬಂಗರಸನನ್ನೂ ಮಂಗಳೂರಿನಲ್ಲಿ ಗಲ್ಲಿಗೇರಿಸಿದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯ ಹತ್ತಿರ, ಅವರ ಮನೆಯವರ ಕಣ್ಣೆದುರೇ.

ಕೋಟೆಬೀದಿಯವರೇ, ಮುಂದಿನ ಸಲ ಹುಡುಗನಿಗೆ ಆನೆ ತೋರಿಸಿದ ಮೇಲೆ ಆ ಜಾಗವನ್ನೂ ತೋರಿಸಿ.

ಬೆಂಗಳೂರಲ್ಲಿರೋ ಹುಡುಗ

ಇದನ್ನೇ ಅಲ್ವಾ "ಕಲ್ಯಾಣಪ್ಪನ ಕಾಟಕಾಯಿ" ಅನ್ನೋದು? ಅದು ಬರೀ ಲೂಟಿ ಅಂತ ಕೇಳಿದ್ದೆ.

ಸುಳ್ಯದ ಕಡೆಯವ

ಆ ಮಾತು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ ಅಂತ ನೇರವಾಗಿ ಹೇಳಿಬಿಡುತ್ತೇನೆ. ನಮ್ಮ ಕಡೆ ಮಕ್ಕಳು ತಿಂಡಿ ಡಬ್ಬ ಸೂರೆ ಮಾಡಿದರೆ "ಎಂತ ಕಾಟಕಾಯಿ ಇದು" ಅಂತ ಬೈಯುವುದಿತ್ತು. ನೇಣಿಗೆ ಹೋದವರ ಹೋರಾಟ ಅಷ್ಟಕ್ಕೆ ಇಳಿದುಬಿಟ್ಟಿತ್ತು. ದಾರಿಯಲ್ಲಿ ಲೂಟಿ ನಡೆದಿಲ್ಲ ಅಂತ ನಾನು ಹೇಳುವುದಿಲ್ಲ, ನಡೆದಿದೆ. ಆದರೆ ಹೆಸರಿಟ್ಟವರು ಗೆದ್ದವರು.

ಮತ್ತೆ, ಇದನ್ನು ಅಡಗಿಸಲು ಇಂಗ್ಲಿಷರ ಜೊತೆ ನಿಂತವರು ಕೊಡಗಿನ ದಿವಾನರೇ. ಅದನ್ನೂ ಬರೆಯಬೇಕು.

ಪೊನ್ನಂಪೇಟೆ ಮೇಷ್ಟ್ರು

ಬರೆಯೋಣ. ಮುಚ್ಚಿಡುವಂಥದ್ದೇನಿಲ್ಲ. ಹಾಗೆ ನಿಂತವರಿಗೆ ಕಂಪನಿ ಚಿನ್ನ, ಬೆಳ್ಳಿಯ ಪದಕ ಮಾಡಿಸಿ ಕೊಟ್ಟಿತು. ಕೊಡವ ಯೋಧನ ಚಿತ್ರ ಇರುವ ಪದಕ, ಅದರ ಮೇಲೆ ಕನ್ನಡದಲ್ಲೇ ಬರಹ ಇದೆ. 1837ರ ಏಪ್ರಿಲ್, ಮೇ ತಿಂಗಳಲ್ಲಿ ದಂಗೆ ಅಡಗಿಸಲು ತೋರಿದ ನಿಷ್ಠೆಗೆ ಅಂತ. ಇಂಗ್ಲಿಷರು ಕೊಟ್ಟ ಪದಕದ ಮೇಲೆ ಕನ್ನಡ ಅಕ್ಷರ ಅಂತ ಕೇಳಿದರೆ ಹೆಮ್ಮೆ ಬರಬೇಕು. ಯಾತಕ್ಕೆ ಕೊಟ್ಟದ್ದು ಅಂತ ಓದಿದ ಮೇಲೆ ಏನು ಅನ್ನಿಸುತ್ತದೆ ಅಂತ ಅವರವರೇ ಹೇಳಬೇಕು.

ಆದರೆ ಒಂದು ತಿದ್ದುಪಡಿ. ಇದನ್ನು ಒಂದು ಜಾತಿ ಇನ್ನೊಂದು ಜಾತಿಯ ವಿರುದ್ಧ ಅಂತ ಓದಬೇಡಿ. ಬಂಡಾಯದಲ್ಲಿ ಗೌಡರು, ಲಿಂಗಾಯತರು, ಕೊಡವರು, ಕುಡಿಯರು ಎಲ್ಲರೂ ಇದ್ದರು. ಲಕ್ಷ್ಮೀನಾರಾಯಣ ಅನ್ನುವ ಬ್ರಾಹ್ಮಣ ದಿವಾನನ ಮೇಲೂ ಬಂಡಾಯಗಾರರ ಜೊತೆ ಸೇರಿದ ಆರೋಪ ಹೊರಿಸಿ ಹಿಡಿದರು. ಒಂದೇ ಕಚೇರಿಯಲ್ಲಿ ಕೂತ ದಿವಾನರಲ್ಲಿ ಒಬ್ಬ ಆಚೆ, ಇಬ್ಬರು ಈಚೆ.

ಸುಳ್ಯದ ಕಡೆಯವ

ಒಪ್ಪಿದೆ ಮೇಷ್ಟ್ರೇ. ಸಿಟ್ಟಿನಲ್ಲಿ ಬರೆದೆ. ನಮ್ಮ ಅಜ್ಜನ ಕಾಲದಿಂದ ಮನೆಯಲ್ಲಿ ಕೇಳುತ್ತಾ ಬಂದ ನೋವು ಅದು.

ನಿವೃತ್ತ ಸುಬೇದಾರ್

ಎರಡು ದಿನದಿಂದ ಓದುತ್ತಿದ್ದೇನೆ. ನಾನು ಹಳೆಯ ರಾಜರ ವಿಷಯ ಬಲ್ಲವನಲ್ಲ. ನಮ್ಮ ಕಾಲದ್ದೊಂದು ಹೇಳುತ್ತೇನೆ.

ಮಡಿಕೇರಿ ಖಾಸಗಿ ಬಸ್ ನಿಲ್ದಾಣದ ಹತ್ತಿರ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಪ್ರತಿಮೆ ಇದೆ. ದಿನಾ ಸಾವಿರಾರು ಜನ ಅದರ ಪಕ್ಕದಲ್ಲೇ ಬಸ್ಸಿಗೆ ಓಡುತ್ತಾರೆ. 1965ರ ಸೆಪ್ಟೆಂಬರ್ 7. ಪಂಜಾಬಿನ ಆದಂಪುರದಿಂದ ನಮ್ಮ ಮಿಸ್ಟೇರ್ ವಿಮಾನಗಳು ಪಾಕ್‌ನ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯನವರು ಆ ಪಟ್ಟಿಯಲ್ಲಿ ಕಾದಿರಿಸಿದ ಪೈಲಟ್. ಹೊರಟವರಲ್ಲಿ ಯಾರಿಗಾದರೂ ತೊಂದರೆಯಾದರೆ ಮಾತ್ರ ಹೋಗಬೇಕು. ತೊಂದರೆಯಾಯಿತು, ಹೋದರು. ವಾಪಸು ಬರಲಿಲ್ಲ.

ನಾಪತ್ತೆ ಅಂತ ಬರೆದರು. ಅವರಿಗೆ ಏನಾಯಿತು ಅಂತ ನಮ್ಮ ಕಡೆ ಒಬ್ಬರೂ ನೋಡಿದವರಿಲ್ಲ. ಮನೆಯವರು ಕಾದರು. ಒಂದು ವರ್ಷ, ಎರಡು ವರ್ಷ ಅಲ್ಲ.

1979ರಲ್ಲಿ ಒಬ್ಬ ಇಂಗ್ಲಿಷ್ ಲೇಖಕ ಪಾಕಿಸ್ತಾನದ ವಾಯುಪಡೆಯ ಬಗ್ಗೆ ಬರೆದ ಪುಸ್ತಕ ಬಂತು. ಅದರಿಂದ ಎಳೆ ಸಿಕ್ಕಿತು. ಆ ದಿನ ಪಾಕಿಸ್ತಾನದ ಒಂದು ಸ್ಟಾರ್‌ಫೈಟರ್ ನಮ್ಮ ಒಂದು ಮಿಸ್ಟೇರನ್ನು ಬೆನ್ನಟ್ಟಿತ್ತು. ಸ್ಟಾರ್‌ಫೈಟರ್ ಅಂದರೆ ಶಬ್ದದ ಎರಡರಷ್ಟು ವೇಗ, ಅವರ ಕೈಯಲ್ಲಿದ್ದ ಅತ್ಯುತ್ತಮ ವಿಮಾನ. ನಮ್ಮದು ಅದರ ಮುಂದೆ ಹಳೆಯ ಕುದುರೆ. ಪೆಟ್ಟು ತಿಂದ ಮೇಲೂ ನಮ್ಮವರು ಓಡಲಿಲ್ಲ, ತಿರುಗಿ ಬಿದ್ದರು. ಕೆಳಮಟ್ಟದಲ್ಲೇ ಕಾದಾಡಿ ಸ್ಟಾರ್‌ಫೈಟರನ್ನು ಹೊಡೆದು ಉರುಳಿಸಿದರು. ಪಾಕಿಸ್ತಾನದ ಪೈಲಟ್ ಅಮ್ಜದ್ ಹುಸೇನ್ ಹಾರಿಕೊಂಡು ಬದುಕಿದರು. ನಮ್ಮವರು ಹೊರಬರಲಿಲ್ಲ. ಲೆಕ್ಕ ಹಾಕಿದರೆ ಅವರು ದೇವಯ್ಯನವರೇ. ದೇಹವನ್ನು ಅಲ್ಲಿಯ ಹಳ್ಳಿಯವರೇ ಮಣ್ಣುಮಾಡಿದ್ದರು. 1988ರಲ್ಲಿ, ಇಪ್ಪತ್ತಮೂರು ವರ್ಷದ ಮೇಲೆ, ಮಹಾವೀರ ಚಕ್ರ ಕೊಟ್ಟರು. ಪದಕ ತೆಗೆದುಕೊಂಡದ್ದು ಅವರ ಪತ್ನಿ.

ನೋಡಿ, ನಮ್ಮವನ ಸಾಹಸಕ್ಕೆ ಸಾಕ್ಷಿ ಸಿಕ್ಕಿದ್ದು ಶತ್ರುವಿನ ಕಡೆಯಿಂದ. ಆ ಅಮ್ಜದ್ ಹುಸೇನ್ 1971ರಲ್ಲಿ ಅಮೃತಸರದ ಹತ್ತಿರ ನಮ್ಮ ಗುಂಡಿಗೆ ಸಿಕ್ಕಿ ಸೆರೆಯಾದರು, ಆಮೇಲೆ ಬಿಡುಗಡೆಯಾಗಿ ಹೋದರು.

ನಾನು ಪಲ್ಟನ್ನಿಗೆ ಸೇರಿದಾಗ ದೇವಯ್ಯನವರ ಹೆಸರು ನಮ್ಮೂರಲ್ಲೇ ಯಾರೂ ಎತ್ತುತ್ತಿರಲಿಲ್ಲ. ಎತ್ತಿದರೂ "ಪಾಪ, ಕಾಣೆಯಾದರು" ಅಷ್ಟೇ. ರಜೆಯಲ್ಲಿ ಬಂದಾಗ ಒಮ್ಮೆ ನಾನೂ ಹಾಗೇ ಹೇಳಿದ್ದೆ. ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಪೊನ್ನಂಪೇಟೆ ಮೇಷ್ಟ್ರು

ಸುಬೇದಾರರೇ, ಅದೇ ಯುದ್ಧದ ಕೊನೆಯಲ್ಲಿ, ನಮ್ಮ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ಕಾರ್ಯಪ್ಪನವರ ಮಗನೂ ಸೆರೆಯಾದರಲ್ಲ, ಅದನ್ನೂ ನೀವೇ ಬರೆಯಬೇಕು.

ನಿವೃತ್ತ ಸುಬೇದಾರ್

ಅದು ಎಲ್ಲರಿಗೂ ಗೊತ್ತು, ಚುಟುಕಾಗಿ ಹೇಳುತ್ತೇನೆ. 1965ರ ಸೆಪ್ಟೆಂಬರ್ 22, ಯುದ್ಧ ನಿಲ್ಲುವ ಹೊತ್ತು. ನಂದಾ ಕಾರ್ಯಪ್ಪನವರ ಹಂಟರ್ ವಿಮಾನ ಬಿದ್ದು ಪಾಕಿಸ್ತಾನದಲ್ಲಿ ಸೆರೆಯಾದರು. ಅಲ್ಲಿಯ ಅಧ್ಯಕ್ಷ ಅಯೂಬ್ ಖಾನ್ ದೇಶ ಒಡೆಯುವ ಮೊದಲು ಅಪ್ಪ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಮಗ ಕ್ಷೇಮವಾಗಿದ್ದಾನೆ ಅಂತ ಹೇಳಿಕಳಿಸಿದರು, ಬೇಕಾದರೆ ಬಿಡುತ್ತೇವೆ ಅನ್ನುವ ಮಾತೂ ಬಂತು. ಉಳಿದ ಸೆರೆಯಾಳುಗಳಿಗೆ ಇಲ್ಲದ ಸವಲತ್ತು ನನ್ನ ಮಗನಿಗೂ ಬೇಡ ಅಂದರು ಅಪ್ಪ. ಮಗ ಬಂದದ್ದು 1966ರ ಜನವರಿಯಲ್ಲಿ, ಮಿಕ್ಕವರ ಜೊತೆಗೇ. ಅಪ್ಪ ಆಡಿದ ಮಾತನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ, ಅದಕ್ಕೇ ಶಬ್ದಕ್ಕೆ ಶಬ್ದ ನಾನು ಬರೆಯುವುದಿಲ್ಲ.

ಬೆಂಗಳೂರಲ್ಲಿರೋ ಹುಡುಗ

ಒಂದು ಹೇಳಬಹುದಾ? ಖಾದಿರ್ ಖಾನ್ ವಿಷಯ ಓದಿ ಆಮೇಲೆ ಇದನ್ನು ಓದಿದರೆ ಏನೋ ಒಂಥರಾ ಆಗುತ್ತೆ. ಎರಡೂ ಕಡೆ ಸೆರೆ, ಎರಡೂ ಕಡೆ ಹಳೆಯ ಋಣ. ಒಬ್ಬ ಋಣಕ್ಕೋಸ್ಕರ ಬಿಟ್ಟ. ಇನ್ನೊಬ್ಬರು ಋಣ ಬೇಡ ಅಂದರು. ನನಗೆ ಇಬ್ಬರೂ ಸರಿ ಅನ್ನಿಸ್ತಾರೆ.

ಶನಿವಾರಸಂತೆ ಅಕ್ಕ

ಕಾರ್ಯಪ್ಪನವರು ಹುಟ್ಟಿದ್ದು ನಮ್ಮ ಶನಿವಾರಸಂತೆಯಲ್ಲಿ. ಅದನ್ನು ಹೇಳದೆ ಇರಲಾರೆ.

ಕೋಟೆಬೀದಿ

ಎಲ್ಲರಿಗೂ ಕೈಮುಗಿದೆ. ಇವತ್ತು ಶಾಲೆ ಬಿಟ್ಟ ಮೇಲೆ ಹುಡುಗನನ್ನು ಕರ್ಕೊಂಡು ಬಸ್ ನಿಲ್ದಾಣದವರೆಗೆ ನಡೆದೆ. ದೇವಯ್ಯನವರ ಪ್ರತಿಮೆ ಮುಂದೆ ನಿಂತು ಸುಬೇದಾರರು ಬರೆದದ್ದನ್ನು ಮೊಬೈಲಲ್ಲಿ ಓದಿ ಹೇಳಿದೆ. ಬಸ್ಸಿಗೆ ಕಾಯುತ್ತಿದ್ದ ಕಾಲೇಜಿನ ಇಬ್ಬರು ಹುಡುಗಿಯರೂ ಹತ್ತಿರ ಬಂದು ಕೇಳಿಸಿಕೊಂಡರು. ಹುಡುಗ ಕೇಳಿದ, "ಸ್ಟಾರ್‌ಫೈಟರ್ ಅಂಕಲ್‌ಗೆ ಗೊತ್ತಿತ್ತಾ ತನ್ನನ್ನ ಹೊಡೆದದ್ದು ಇವರೇ ಅಂತ?" ನನಗೆ ಉತ್ತರ ತಿಳಿಯಲಿಲ್ಲ.

ಸುಳ್ಯದವರೇ, ಅಕ್ಟೋಬರ್ 31ಕ್ಕೆ ಅಪ್ಪಯ್ಯ ಗೌಡರಿಗೆ ಹೂ ಹಾಕಲು ನೀವು ಮಡಿಕೇರಿಗೆ ಬರುತ್ತೀರಾ? ನಾವೂ ಬರುತ್ತೇವೆ, ಅಜ್ಜಿಯೂ ಬರುತ್ತೇನೆ ಅಂದಿದ್ದಾರೆ.

ಸುಳ್ಯದ ಕಡೆಯವ

ಪ್ರತಿ ವರ್ಷ ಬರುತ್ತೇನೆ ಅಕ್ಕ. ಬೆಳಗ್ಗೆ ಸುಳ್ಯದಿಂದ ಮೊದಲ ಬಸ್ಸಿಗೆ ಹೊರಟರೆ ಹತ್ತು ಗಂಟೆ ಒಳಗೆ ಕೋಟೆ ಹತ್ತಿರ ಇರುತ್ತೇನೆ. ಸಂಪಾಜೆ ಘಾಟಿಯಲ್ಲಿ ಮಂಜು ಇದ್ದರೆ ಸ್ವಲ್ಪ ತಡವಾಗಬಹುದು, ಕಾಯಿರಿ. ಮನೆಯ ತೋಟದ ಹೂ ತರುತ್ತೇನೆ, ನೀವು ಕೊಳ್ಳಬೇಡಿ.

ನಿವೃತ್ತ ಸುಬೇದಾರ್

ನಾನೂ ಬರುತ್ತೇನೆ.